ನೋವು ಎಷ್ಟು ಗಂಟೆಗೆ ಬರುತ್ತೆ? ಕೀಲು ನೋವಿದ್ದವರು ಮೊದಲು ನೋಡಬೇಕಾದ್ದು

ನಮ್ಮ ಮನೆಯಲ್ಲಿ ಮೂರು ಜನಕ್ಕೆ ಕೀಲು ನೋವು. ಅಮ್ಮನಿಗೆ ಮಂಡಿ, ನನಗೆ ಕೈಬೆರಳು, ಚಿಕ್ಕಪ್ಪನಿಗೆ ಕಾಲಿನ ಹೆಬ್ಬೆರಳು. ಬೆಂಗಳೂರಿನ ಹನುಮಂತನಗರದ ಏರು ರಸ್ತೆಯಲ್ಲಿ ಮನೆ, ಎರಡನೇ ಮಹಡಿ, ಲಿಫ್ಟ್ ಇಲ್ಲ. ಹಾಗಾಗಿ ಈ ಮಾತು ದಿನಕ್ಕೆ ನಾಲ್ಕು ಸಲವಾದರೂ ಬಂದೇ ಬರುತ್ತದೆ. ಅಮ್ಮನಿಗೆ ಡಾಕ್ಟರ್ ಬರೆದುಕೊಟ್ಟ ನೋವಿನ ಮಾತ್ರೆ ಫ್ರಿಜ್ ಮೇಲಿನ ಡಬ್ಬಿಯಲ್ಲಿ ಇರುತ್ತಿತ್ತು. ನನ್ನ ಬೆರಳು ನೋಯಲು ಶುರುವಾದಾಗ ನಾನೂ ಅದನ್ನೇ ನುಂಗಿದೆ. ಚಿಕ್ಕಪ್ಪ ಹಬ್ಬಕ್ಕೆ ಬಂದವರು ಅವರೂ ಎರಡು ನುಂಗಿದರು. ಮೂರೂ ಜನಕ್ಕೆ ನೋವು ಇಳಿಯಿತು. ಎಡವಟ್ಟಾಗಿದ್ದೇ ಅಲ್ಲಿ. ನೋವು ಇಳೀತಲ್ಲ, ಮತ್ತೇನು ಅಂತ ಯಾರೂ ಮುಂದಕ್ಕೆ ಯೋಚಿಸಲಿಲ್ಲ. ಮೂವರದ್ದೂ ಬೇರೆ ಬೇರೆ ಕಾಯಿಲೆ ಅಂತ ಗೊತ್ತಾಗುವಷ್ಟರಲ್ಲಿ ನಾನು ಎಂಟು ತಿಂಗಳು ಕಳೆದುಕೊಂಡಿದ್ದೆ.

ನಾನು ಡಾಕ್ಟರ್ ಅಲ್ಲ. ಆಸ್ಪತ್ರೆ ಬೆಂಚಿನ ಮೇಲೆ ಜಾಸ್ತಿ ಕೂತು, ಡಾಕ್ಟರನ್ನು ಜಾಸ್ತಿ ಪ್ರಶ್ನೆ ಕೇಳಿ ಬೈಸಿಕೊಂಡವಳು, ಅಷ್ಟೇ. ಇಲ್ಲಿರೋದನ್ನು ಓದಿ ನೀವೇ ಔಷಧಿ ಶುರು ಮಾಡಬೇಡಿ. ಡಾಕ್ಟರ್ ಮುಂದೆ ಕೂತಾಗ ಏನು ಹೇಳಬೇಕು, ಏನು ಕೇಳಬೇಕು ಅನ್ನೋದಕ್ಕೆ ಇಟ್ಟುಕೊಳ್ಳಿ.

ಆರ್ಥ್ರೈಟಿಸ್ ಅನ್ನೋದು ಒಂದೇ ಕಾಯಿಲೆ ಅಲ್ಲ. ಜ್ವರ ಅಂದ ಹಾಗೆ ಅದು. ಜ್ವರ ಡೆಂಗಿಯಿಂದಲೂ ಬರುತ್ತೆ, ಟೈಫಾಯ್ಡಿನಿಂದಲೂ ಬರುತ್ತೆ ಅಲ್ವಾ? ಕೀಲಿನ ಬಾಧೆಯಲ್ಲೂ ನೂರಕ್ಕೂ ಹೆಚ್ಚು ಬಗೆ ಇದೆ. ಕನ್ನಡದಲ್ಲಿ ನಾವು ಎಲ್ಲವನ್ನೂ ಸಂಧಿವಾತ ಅಂತ ಒಂದೇ ಚೀಲಕ್ಕೆ ತುಂಬುತ್ತೇವೆ. ಮನೆಯಲ್ಲಂತೂ 'ವಾಯು' ಅಂದರೆ ಮುಗಿಯಿತು.

ಮೊದಲು ಎರಡು ವಾರ ಬರೆದಿಡಿ

ಒಂದು ಹಳೇ ಡೈರಿ ಸಾಕು. ರಾತ್ರಿ ಮಲಗುವ ಮುಂಚೆ ಎರಡು ಸಾಲು ಬರೆಯಿರಿ. ನೋವು ಎಷ್ಟು ಹೊತ್ತಿಗೆ ಜಾಸ್ತಿ ಇತ್ತು? ಬೆಳಗ್ಗೆ ಎದ್ದಾಗ ಕೀಲು ಬಿಗಿಯಾಗಿತ್ತಾ, ಇದ್ದರೆ ಸಡಿಲವಾಗಲು ಎಷ್ಟು ನಿಮಿಷ ಹಿಡಿಯಿತು? ಇದನ್ನು ಅಂದಾಜಿಗೆ ಹೇಳಬೇಡಿ, ಗಡಿಯಾರ ನೋಡಿ. ಯಾವ ಕೀಲು, ಒಂದೇ ಕಡೆಯಾ ಎರಡೂ ಕಡೆಯಾ? ಊತ ಇದೆಯಾ? ಊತ ಗೊತ್ತಾಗದಿದ್ದರೆ ಉಂಗುರ, ಬಳೆ, ಚಪ್ಪಲಿ ನೋಡಿ. ನನಗೆ ಮೊದಲು ಗೊತ್ತಾಗಿದ್ದು ವರಲಕ್ಷ್ಮಿ ಹಬ್ಬದ ದಿನ ಬಳೆ ಏರದೇ ಇದ್ದಾಗ. ದಪ್ಪ ಆಗಿದ್ದೀಯ ಅಂತ ಎಲ್ಲರೂ ನಕ್ಕರು.

ಇನ್ನೂ ಕೆಲವನ್ನು ಪಕ್ಕದಲ್ಲಿ ಗುರುತು ಹಾಕಿ. ಜ್ವರ, ಸುಸ್ತು, ಚರ್ಮದ ಮೇಲೆ ಹೊಟ್ಟು ಏಳುವ ಕಲೆ, ಕಣ್ಣು ಕೆಂಪಾಗೋದು, ಇತ್ತೀಚೆಗೆ ಬಂದುಹೋದ ವೈರಲ್ ಜ್ವರ, ಮನೆಯಲ್ಲಿ ಯಾರಿಗಾದರೂ ಇದ್ದ ಕೀಲು ಬೇನೆ. ನುಂಗುತ್ತಿರುವ ಎಲ್ಲ ಮಾತ್ರೆ, ಕಷಾಯ, ಪುಡಿ ಕೂಡ. ಊದಿದ ದಿನ ಫೋನಲ್ಲಿ ಫೋಟೋ ತೆಗೆದಿಡಿ, ಯಾಕಂದರೆ ಡಾಕ್ಟರ್ ಹತ್ತಿರ ಹೋದ ದಿನ ಊತ ಮಾಯವಾಗಿರುತ್ತದೆ, ಅದು ಯಾವಾಗಲೂ ಹಾಗೇ.

ಕೆಲವು ಲಕ್ಷಣಗಳಿಗೆ ಮಾತ್ರ ಎರಡು ವಾರ ಅಲ್ಲ, ಎರಡು ದಿನವೂ ಕಾಯಬಾರದು. ಒಂದೇ ಕೀಲು ದಿಢೀರಂತ ಊದಿ, ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ, ಜೊತೆಗೆ ಜ್ವರ ಚಳಿ ಇದ್ದರೆ ಒಳಗೆ ಕೀವು ಆಗಿರಬಹುದು. ಅದು ಕೆಲವೇ ದಿನದಲ್ಲಿ ಕೀಲನ್ನು ಹಾಳು ಮಾಡುತ್ತದೆ, ಪ್ರಾಣಕ್ಕೂ ಅಪಾಯ. ಅವತ್ತೇ ಆಸ್ಪತ್ರೆಗೆ ಹೋಗಿ. ಬಿದ್ದು ಕಾಲೂರಲು ಆಗದಿದ್ದರೂ ಅಷ್ಟೇ. ಬೆನ್ನು ನೋವಿನ ಜೊತೆ ಮೂತ್ರ ಕಟ್ಟಿದರೆ, ಕಾಲು ಸ್ವಾಧೀನ ತಪ್ಪಿದರೆ ಆಟೊ ಹತ್ತಿ, ಡೈರಿ ಆಮೇಲೆ.

ಈಗ ಗಡಿಯಾರ ಓದಿ

ಅಮ್ಮನ ನೋವು ಸಂಜೆಯದ್ದು. ಬೆಳಗ್ಗೆ ಎದ್ದಾಗ ಮಂಡಿ ಸ್ವಲ್ಪ ಬಿಗಿ, ಕಾಫಿ ಕುಡಿಯುವಷ್ಟರಲ್ಲಿ ಸರಿ. ಗಾಂಧಿ ಬಜಾರಿಗೆ ಹೋಗಿ ಹೂವು ತರಕಾರಿ ತಂದು, ಮೆಟ್ಟಿಲು ಹತ್ತಿದ ಮೇಲೆ ಶುರು. ಕೂತರೆ ಕಡಿಮೆ, ಎದ್ದರೆ ಜಾಸ್ತಿ. ಕೂತು ಎದ್ದಾಗ ಕಟಕಟ ಸದ್ದು. ಇದು ಸವೆತ, ಅಂದರೆ ಆಸ್ಟಿಯೋ ಆರ್ಥ್ರೈಟಿಸ್. ಎಲುಬಿನ ತುದಿಯಲ್ಲಿರುವ ನುಣುಪಾದ ಮೆತ್ತನೆ ಪದರ ತೆಳುವಾಗಿ, ಅದರ ಸುತ್ತಮುತ್ತಲಿನದೆಲ್ಲ ಕೆಡುತ್ತದೆ. ಮಂಡಿ, ಸೊಂಟದ ಕೀಲು, ಕೈ ಹೆಬ್ಬೆರಳಿನ ಬುಡ, ಬೆರಳ ತುದಿಯ ಗಂಟುಗಳು ಇದಕ್ಕೆ ಇಷ್ಟ. ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆ ಮೀರುವುದಿಲ್ಲ. ವಯಸ್ಸು, ತೂಕ, ಹಳೇ ಪೆಟ್ಟು, ಮನೆತನ, ಎಲ್ಲ ಸೇರಿ ಬರುವ ಕಾಯಿಲೆ ಇದು.

ನನ್ನದು ಬೆಳಗಿನದ್ದು. ಆರು ಗಂಟೆಗೆ ಎದ್ದರೆ ಏಳೂವರೆ ತನಕ ಹಾಲಿನ ಪ್ಯಾಕೆಟ್ ಕತ್ತರಿಸಲೂ ಆಗುತ್ತಿರಲಿಲ್ಲ. ಎರಡೂ ಕೈ ಒಂದೇ ಥರ, ಬೆರಳ ಬುಡದ ಗಂಟು ಮತ್ತು ನಡುವಿನ ಗಂಟು. ಕೆಲಸ ಮಾಡುತ್ತಾ ಹೋದರೆ ಸಡಿಲ, ಸುಮ್ನೆ ಕೂತರೆ ಮತ್ತೆ ಬಿಗಿ. ಇದರ ಜೊತೆಗೆ ವಿಪರೀತ ಸುಸ್ತು. ಅಮ್ಮ 'ಏನೇ, ನನಗಿಂತ ಮುಂಚೆ ಮುದುಕಿ ಆದ್ಯಲ್ಲೇ' ಅಂದಳು. ಇದು ರುಮಟಾಯ್ಡ್ ಆರ್ಥ್ರೈಟಿಸ್. ಇಲ್ಲಿ ಸವೆತ ಅಲ್ಲ ಶುರುವಾಗೋದು. ಸೋಂಕಿನ ವಿರುದ್ಧ ಹೋರಾಡಬೇಕಾದ ನಮ್ಮದೇ ರೋಗನಿರೋಧಕ ಶಕ್ತಿ ತಪ್ಪಿ ಕೀಲಿನ ಒಳಪೊರೆ ಮೇಲೆ ಬೀಳುತ್ತದೆ. ಯಾವ ವಯಸ್ಸಿನಲ್ಲಾದರೂ ಬರಬಹುದು, ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಸಿಗರೇಟು ಸೇದುವವರಿಗೆ ಅಪಾಯ ಹೆಚ್ಚು. ಬೆಳಗಿನ ಬಿಗಿತ ಅರ್ಧ ಗಂಟೆ, ಒಂದು ಗಂಟೆ ದಾಟುತ್ತಿದೆ, ಸಣ್ಣ ಕೀಲುಗಳು ಊದಿವೆ, ಆರು ವಾರವಾದರೂ ಹೋಗಿಲ್ಲ ಅಂದರೆ ಇದನ್ನು ಅನುಮಾನಿಸಲೇಬೇಕು. ಮೊದಲ ಕೆಲವು ತಿಂಗಳಲ್ಲೇ ಸರಿಯಾದ ಔಷಧಿ ಶುರುವಾದರೆ ಬೆರಳು ಸೊಟ್ಟಗಾಗದೆ ಉಳಿಯುವ ಸಾಧ್ಯತೆ ಬಹಳ ಜಾಸ್ತಿ. ನಾನು ಕಳೆದುಕೊಂಡಿದ್ದು ಅದೇ ತಿಂಗಳುಗಳನ್ನು. ಹೋಗಿದ್ದ ಮೊದಲ ಕ್ಲಿನಿಕ್ಕಿನಲ್ಲಿ 'ಕಂಪ್ಯೂಟರ್ ಕೆಲಸ ಜಾಸ್ತಿಯಾಗಿದೆ' ಅಂತ ಹೇಳಿ ಕ್ಯಾಲ್ಸಿಯಂ ಬರೆದಿದ್ದರು.

ಚಿಕ್ಕಪ್ಪನದ್ದು ನಡುರಾತ್ರಿಯದ್ದು. ಮಲಗುವಾಗ ಚೆನ್ನಾಗಿದ್ದರು, ಎರಡು ಗಂಟೆಗೆ ಹೆಬ್ಬೆರಳಿನ ಬುಡ ಟೊಮೆಟೊ ಥರ ಕೆಂಪು. ಹೊದಿಕೆ ತಾಗಿದರೂ ಕೂಗಾಟ. ವಾರದಲ್ಲಿ ತಾನಾಗಿಯೇ ಇಳಿಯಿತು, ನಾಲ್ಕು ತಿಂಗಳ ನಂತರ ಮತ್ತೆ ಬಂತು. ಇದು ಗೌಟ್. ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾಗಿ, ಕೀಲಿನಲ್ಲಿ ಸೂಜಿಯಂಥ ಹರಳು ಕಟ್ಟುತ್ತದೆ. ನಡುವಯಸ್ಸಿನ ಗಂಡಸರಲ್ಲಿ ಸಾಮಾನ್ಯ. ಮುಟ್ಟು ನಿಂತ ಮೇಲೆ ಹೆಂಗಸರಿಗೂ ಬರಬಹುದು.

ನಮ್ಮ ಮನೆಯಲ್ಲಿ ಇಲ್ಲದ ಇನ್ನೊಂದು ಗಂಟೆ ಇದೆ, ಬೆಳಗಿನ ಜಾವ ಮೂರು ನಾಲ್ಕು. ಇಪ್ಪತ್ತು ಮೂವತ್ತರ ಹುಡುಗರು ಸೊಂಟದ ನೋವಿನಿಂದ ಆ ಹೊತ್ತಿಗೆ ಎಚ್ಚರವಾಗುತ್ತಾರೆ, ಎದ್ದು ಓಡಾಡಿದರೆ ಹಗುರ, ಮಲಗಿದರೆ ಮತ್ತೆ ಜಾಸ್ತಿ. ಮೂರು ತಿಂಗಳು ದಾಟಿಯೂ ಹೀಗೇ ಇದ್ದರೆ ಅದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನುಮೂಳೆಯ ಕೀಲುಗಳ ಉರಿಯೂತ ಇರಬಹುದು. ಬೆಂಗಳೂರಿನಲ್ಲಿ ಇದನ್ನು ತಕ್ಷಣ 'ಬೈಕ್ ಓಡಿಸ್ತೀಯ, ಸಿಲ್ಕ್ ಬೋರ್ಡ್ ಟ್ರಾಫಿಕ್ ಬೇರೆ' ಅಂತ ಹೇಳಿ ಮುಗಿಸುತ್ತಾರೆ. ಟ್ರಾಫಿಕ್ಕಿನ ಬೆನ್ನು ನೋವು ಮಲಗಿದರೆ ಕಡಿಮೆಯಾಗುತ್ತದೆ, ಇದು ಮಲಗಿದರೆ ಜಾಸ್ತಿಯಾಗುತ್ತದೆ. ಇಂಥವರಿಗೆ ಒಂದು ಕಣ್ಣು ಕೆಂಪಾಗಿ ನೋವು ಬಂದರೆ, ಬೆಳಕು ನೋಡಲು ಆಗದಿದ್ದರೆ, ಅದು ಕಣ್ಣು ಬಂದಿರೋದಲ್ಲ. ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ.

ಗಡಿಯಾರಕ್ಕೆ ಸಿಗದವೂ ಇವೆ. ಚರ್ಮದ ಮೇಲೆ ಹೊಟ್ಟು ಏಳುವ ಸೋರಿಯಾಸಿಸ್ ಇರುವವರಿಗೆ ಒಂದು ಬೆರಳು ಪೂರ್ತಿ ಬಾಳೆಹಣ್ಣಿನ ಥರ ಊದಬಹುದು, ಉಗುರಿನ ಮೇಲೆ ಚುಕ್ಕಿ ಚುಕ್ಕಿ ಗುಳಿ ಬೀಳಬಹುದು. ಲೂಪಸ್ ಅಂತ ರೋಗನಿರೋಧಕ ಶಕ್ತಿ ತಪ್ಪಿ ನಮ್ಮ ಮೈಮೇಲೇ ಬೀಳುವ ಇನ್ನೊಂದು ಕಾಯಿಲೆ ಇದೆ, ಅದರಲ್ಲೂ ಕೀಲು ನೋಯುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ಆಮೇಲೆ ಚಿಕುನ್‌ಗುನ್ಯಾ. 2006ರಲ್ಲಿ ಕರ್ನಾಟಕದಲ್ಲಿ ಊರಿಗೆ ಊರೇ ಮಲಗಿದ್ದನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಜ್ವರ ವಾರದಲ್ಲಿ ಹೋಗುತ್ತದೆ, ಕೀಲು ನೋವು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ಆ ನೋವು ನೋಡಲು ರುಮಟಾಯ್ಡ್ ಥರವೇ ಇರುತ್ತದೆ. ಅದಕ್ಕೇ ಜ್ವರದ ತಾರೀಕು ಬರೆದಿಡಿ ಅಂದಿದ್ದು.

ಮಕ್ಕಳಿಗೂ ಬರುತ್ತದೆ. ಬೆಳಗ್ಗೆ ಎದ್ದಾಗ ಕುಂಟುವ ಮಗು, ಮಂಡಿ ಊದಿ ಆರು ವಾರ ದಾಟಿದ ಮಗು, ಇದನ್ನು 'ಬೆಳೆಯೋ ವಯಸ್ಸಿನ ನೋವು' ಅಂತ ಬಿಡಬೇಡಿ. ಬೆಳೆಯುವಾಗಿನ ನೋವಿನಲ್ಲಿ ಕೀಲು ಊದುವುದಿಲ್ಲ.

ಯಾವ ಡಾಕ್ಟರ್, ಯಾವ ಟೆಸ್ಟ್

ಸವೆತ, ಪೆಟ್ಟು, ಆಪರೇಷನ್ ಅಂದರೆ ಮೂಳೆ ಡಾಕ್ಟರ್, ಅಂದರೆ ಆರ್ಥೋಪೆಡಿಕ್. ಊತ, ಬೆಳಗಿನ ಬಿಗಿತ, ಹಲವು ಕೀಲು ಅಂದರೆ ರುಮಟಾಲಜಿಸ್ಟ್. ಈ ಎರಡನೇ ಹೆಸರು ನನಗೆ ಎಂಟು ತಿಂಗಳು ಗೊತ್ತೇ ಇರಲಿಲ್ಲ. ಬೆಂಗಳೂರಿನಲ್ಲಿರೋದರ ಒಂದು ಲಾಭ ಅಂದರೆ ಇಂಥ ತಜ್ಞರು ಸಿಗುತ್ತಾರೆ. ಸೇಂಟ್ ಜಾನ್ಸ್‌ನಂಥ ದೊಡ್ಡ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ಮೂಳೆಗೆ ಸಂಬಂಧಿಸಿದ್ದಕ್ಕೆ ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆ ಸರ್ಕಾರದ್ದು, ಬೆಳಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ.

ಟೆಸ್ಟ್ ಬಗ್ಗೆ ಒಂದು ಮಾತು. 'ಆರ್ಥ್ರೈಟಿಸ್ ಪ್ಯಾಕೇಜ್' ಅಂತ ಫೋನಿಗೆ ಮೆಸೇಜ್ ಬರುತ್ತಿರುತ್ತದೆ, ನೀವೇ ಮಾಡಿಸಿಕೊಂಡು ಗಾಬರಿಯಾಗಬೇಡಿ. ರುಮಟಾಯ್ಡ್ ನೋಡಲು ಮಾಡುವ ಆರ್‌ಎ ಫ್ಯಾಕ್ಟರ್ ರಕ್ತ ಪರೀಕ್ಷೆ ಕಾಯಿಲೆ ಇಲ್ಲದವರಲ್ಲೂ ಪಾಸಿಟಿವ್ ಬರಬಹುದು, ಕಾಯಿಲೆ ಇದ್ದವರಲ್ಲೂ ನೆಗೆಟಿವ್ ಬರಬಹುದು. ಆಂಟಿ ಸಿಸಿಪಿ ಅನ್ನೋದು ಅದಕ್ಕಿಂತ ನಂಬಿಕೆಯದ್ದು, ಆದರೂ ಅದೊಂದೇ ತೀರ್ಪು ಕೊಡುವುದಿಲ್ಲ. ಇಎಸ್‌ಆರ್, ಸಿಆರ್‌ಪಿ ಉರಿಯೂತ ಎಷ್ಟಿದೆ ಅಂತ ಹೇಳುತ್ತವೆ, ಯಾಕೆ ಅಂತ ಹೇಳುವುದಿಲ್ಲ. ಗೌಟ್ ಕಾಣಿಸಿಕೊಂಡ ದಿನವೇ ಯೂರಿಕ್ ಆಸಿಡ್ ನೋಡಿದರೆ ಅದು ಸರಿಯಾಗೇ ಇದೆ ಅಂತ ಬರಬಹುದು, ಹಾಗಾಗಿ ನೋವು ಇಳಿದು ಎರಡು ವಾರವಾದರೂ ಆದ ಮೇಲೆ ಮತ್ತೆ ನೋಡುತ್ತಾರೆ. ತದ್ವಿರುದ್ಧವಾಗಿ, ನೋವೇ ಇಲ್ಲದವರಿಗೆ ಯೂರಿಕ್ ಆಸಿಡ್ ಸ್ವಲ್ಪ ಜಾಸ್ತಿ ಬಂದರೆ ಸಾಮಾನ್ಯವಾಗಿ ಮಾತ್ರೆ ಬೇಕಾಗುವುದಿಲ್ಲ. ಮಂಡಿ ಎಕ್ಸ್‌ರೇ ತೆಗೆಸುವುದಾದರೆ ನಿಂತುಕೊಂಡು ತೆಗೆಸಿ, ಮಲಗಿದಾಗ ಕೀಲಿನ ಸಂದು ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಮತ್ತೆ ಎಕ್ಸ್‌ರೇ ನೋಡಿ ಹೆದರಬೇಡಿ. ಫಿಲ್ಮಿನಲ್ಲಿ ಭಾರೀ ಸವೆತ ಇದ್ದು ಆರಾಮಾಗಿ ನಡೆಯುವವರು ಇದ್ದಾರೆ, ಸ್ವಲ್ಪವೇ ಇದ್ದು ನರಳುವವರೂ ಇದ್ದಾರೆ.

ಸವೆತಕ್ಕೆ: ಮಾತ್ರೆಗಿಂತ ತೊಡೆ

ಅಮ್ಮನಿಗೆ ಎಲ್ಲರೂ ಹೇಳಿದ್ದು ಒಂದೇ, ರೆಸ್ಟ್ ಮಾಡಿ. ಅವಳು ಆರು ತಿಂಗಳು ಸೋಫಾ ಬಿಡಲಿಲ್ಲ, ನೋವು ಎರಡರಷ್ಟಾಯಿತು. ಫಿಸಿಯೋಥೆರಪಿಸ್ಟ್ ಬಂದು ತೊಡೆ ಮುಟ್ಟಿ ನೋಡಿ, 'ಮಂಡಿ ಹೊರೋದು ಈ ಸ್ನಾಯು ಅಮ್ಮಾ, ಇದು ಹತ್ತಿ ಥರ ಆಗಿದೆ' ಅಂದರು. ಅಲ್ಲಿಂದ ಕಥೆ ಬದಲಾಯಿತು.

ಅವರು ಕೊಟ್ಟಿದ್ದು ಮೂರೇ ವ್ಯಾಯಾಮ. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೆಟ್ಟಗೆ ಮುಂದಕ್ಕೆ ಚಾಚಿ, ತೊಡೆ ಬಿಗಿ ಹಿಡಿದು ಐದು ಎಣಿಸಿ ಇಳಿಸೋದು. ಹಾಸಿಗೆ ಮೇಲೆ ಮಲಗಿ, ಒಂದು ಮಂಡಿ ಮಡಚಿಟ್ಟುಕೊಂಡು, ಇನ್ನೊಂದು ಕಾಲನ್ನು ನೆಟ್ಟಗೇ ಒಂದು ಅಡಿ ಎತ್ತಿ ಐದು ಎಣಿಸಿ ನಿಧಾನಕ್ಕೆ ಇಳಿಸೋದು. ಮೂರನೆಯದು ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು, ಮೊದಮೊದಲು ಕುರ್ಚಿ ಮೇಲೆ ದಿಂಬು ಹಾಕಿಕೊಂಡು ಎತ್ತರ ಮಾಡಿಕೊಳ್ಳಬಹುದು. ಒಂದೊಂದೂ ಹತ್ತು ಸಲ. ಮಾಡುವಾಗ ಸ್ವಲ್ಪ ನೋವು ಬಂದರೆ ನಿಲ್ಲಿಸಬೇಕಾಗಿಲ್ಲ. ಮರುದಿನ ಬೆಳಗ್ಗೆಯೂ ನೋವು ಜಾಸ್ತಿಯೇ ಉಳಿದಿದ್ದರೆ ಅವತ್ತು ಅರ್ಧಕ್ಕಿಳಿಸಿ. ಫಲ ಕಾಣಲು ಆರರಿಂದ ಎಂಟು ವಾರ ಬೇಕು. ಮೂರನೇ ವಾರಕ್ಕೆ ಅಮ್ಮ 'ಏನೂ ಉಪಯೋಗ ಇಲ್ಲ' ಅಂದಿದ್ದಳು. ಏಳನೇ ವಾರಕ್ಕೆ ನನಗೆ ಹೇಳದೆ ದೊಡ್ಡಗಣಪತಿ ದೇವಸ್ಥಾನಕ್ಕೆ ನಡೆದು ಹೋಗಿ ಬಂದಿದ್ದಳು.

ತೂಕದ ಲೆಕ್ಕ ಕೇಳಿ. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿ ಮೇಲಿನ ಹೊರೆ ಸುಮಾರು ನಾಲ್ಕು ಕೆಜಿ ಕಡಿಮೆಯಾಗುತ್ತದೆ. ಐದು ಕೆಜಿ ಇಳಿಸಿದರೆ ಒಂದು ಸಣ್ಣ ಅಕ್ಕಿ ಮೂಟೆ ಕೆಳಗಿಟ್ಟ ಹಾಗೆ.

ನಡೆಯುವುದಾದರೆ ಲಾಲ್‌ಬಾಗಿನ ಸಮತಟ್ಟು ದಾರಿಗಳು ಒಳ್ಳೆಯದು, ಬಂಡೆ ಮಾತ್ರ ಹತ್ತಬೇಡಿ. ಮುನ್ನೂರು ಕೋಟಿ ವರ್ಷದ ಬಂಡೆ ಅಂತೆ ಅದು, ಇನ್ನೂ ಗಟ್ಟಿಯಾಗಿದೆ, ನಮ್ಮ ಮಂಡಿ ಅರವತ್ತಕ್ಕೇ ಕೈಕೊಡುತ್ತದೆ. ನಮ್ಮ ಫುಟ್‌ಪಾತ್ ಮೇಲೆ ನಡೆಯೋದನ್ನು ನಾನು ವ್ಯಾಯಾಮಕ್ಕೆ ಸೇರಿಸುವುದಿಲ್ಲ, ಅದು ಸರ್ಕಸ್ಸು. ಈಜು ಬರುವವರಿಗೆ ಈಜುಕೊಳ ಇನ್ನೂ ಒಳ್ಳೆಯದು, ಈಜು ಬರದವರು ಎದೆಮಟ್ಟದ ನೀರಿನಲ್ಲಿ ಸುಮ್ನೆ ನಡೆದರೂ ಸಾಕು, ನೀರು ಭಾರ ಹೊರುತ್ತದೆ. ಕೋಲು ಹಿಡಿಯುವುದಾದರೆ ನೋವಿನ ಕಾಲಿನ ಕಡೆ ಅಲ್ಲ, ಅದರ ಎದುರು ಕೈಯಲ್ಲಿ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಇದೊಂದನ್ನೇ ಕಲಿತರೂ ಎರಡನೇ ಮಹಡಿ ಸುಲಭವಾಗುತ್ತದೆ.

ಔಷಧಿಯಲ್ಲಿ ಮೊದಲು ಹಚ್ಚುವ ಡೈಕ್ಲೊಫೆನಾಕ್ ಜೆಲ್ ನೋಡಿ, ಮಂಡಿಗೆ, ಬೆರಳಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವ ಪ್ರಮಾಣ ಕಡಿಮೆ. ಮಂಡಿಗೆ ಗ್ರೀಸ್ ಹಾಕುತ್ತೇವೆ ಅಂತ ಕೊಡುವ ದುಬಾರಿ ಇಂಜೆಕ್ಷನ್, ಗ್ಲುಕೋಸಮೈನ್ ಮಾತ್ರೆ, ಇವುಗಳಿಂದ ಹೇಳಿಕೊಳ್ಳುವಂಥ ಲಾಭ ಇದೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ಸ್ಟಿರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವು ಇಳಿಸುತ್ತದೆ, ಮಗಳ ಮದುವೆ ಎದುರಿಗಿದ್ದರೆ ಸರಿ, ಪದೇ ಪದೇ ಚುಚ್ಚಿಸಬೇಡಿ.

ರುಮಟಾಯ್ಡ್‌ಗೆ: ವಾರಕ್ಕೆ ಒಂದೇ ದಿನ

ಇಲ್ಲಿ ವ್ಯಾಯಾಮ ಒಂದರಿಂದಲೇ ಆಗುವುದಿಲ್ಲ. ನೋವಿನ ಮಾತ್ರೆ ನೋವನ್ನು ಮುಚ್ಚುತ್ತದೆ, ಒಳಗೆ ಕೀಲು ಕರಗುತ್ತಲೇ ಇರುತ್ತದೆ. ಕಾಯಿಲೆಯನ್ನೇ ತಡೆಯುವ ಔಷಧಿ ಬೇಕು. ಮೊದಲು ಕೊಡೋದು ಸಾಮಾನ್ಯವಾಗಿ ಮೆಥೊಟ್ರೆಕ್ಸೇಟ್. ಈ ಪ್ಯಾರಾ ನಿಧಾನವಾಗಿ ಓದಿ. ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನಾ ಅಲ್ಲ. ಮರೆತು ದಿನಾ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ವಾರದಲ್ಲಿ ಯಾವ ದಿನ ಅಂತ ಗೊತ್ತುಮಾಡಿ. ನನ್ನದು ಶನಿವಾರ ರಾತ್ರಿ, ಯಾಕಂದರೆ ಭಾನುವಾರ ಸ್ವಲ್ಪ ವಾಕರಿಕೆ ಇದ್ದರೂ ಆಫೀಸ್ ಇರಲ್ಲ. ಮಾತ್ರೆಯ ಪಟ್ಟಿ ಮೇಲೆ ಮಾರ್ಕರ್‌ನಲ್ಲಿ 'ಶನಿವಾರ' ಅಂತ ದೊಡ್ಡದಾಗಿ ಬರೆಯಿರಿ, ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿಡಿ. ಮೆಡಿಕಲ್ ಸ್ಟೋರಿನಲ್ಲಿ ಬರೆದುಕೊಡುವ 'ದಿನಕ್ಕೆ ಒಂದು' ಚೀಟಿ ನಂಬಬೇಡಿ, ಪ್ರಿಸ್ಕ್ರಿಪ್ಷನ್ ನೋಡಿ. ಇದರ ಜೊತೆ ಫೋಲಿಕ್ ಆಸಿಡ್ ಬೇರೆ ದಿನ ಕೊಡುತ್ತಾರೆ, ಅದನ್ನು ವಿಟಮಿನ್ ತಾನೇ ಅಂತ ಬಿಡಬೇಡಿ, ಅಡ್ಡ ಪರಿಣಾಮ ತಗ್ಗಿಸೋದೇ ಅದು.

ಕೆಲಸ ಶುರು ಮಾಡಲು ಆರರಿಂದ ಹನ್ನೆರಡು ವಾರ ಬೇಕು. ಅಷ್ಟರಲ್ಲಿ 'ಇದು ಕೆಲಸಕ್ಕೆ ಬರಲ್ಲ' ಅಂತ ಬಿಟ್ಟವರೂ ಇದ್ದಾರೆ. ಮೊದಮೊದಲು ಕೆಲವು ವಾರಕ್ಕೊಮ್ಮೆ, ಆಮೇಲೆ ಸುಮಾರು ಮೂರು ತಿಂಗಳಿಗೊಮ್ಮೆ ರಕ್ತಕಣ, ಲಿವರ್, ಕಿಡ್ನಿ ನೋಡಬೇಕು. ಕುಡಿಯುವ ಅಭ್ಯಾಸ ಇದ್ದರೆ ಡಾಕ್ಟರ್ ಹತ್ತಿರ ಮುಚ್ಚಿಡಬೇಡಿ. ಮಗು ಬೇಕು ಅಂತ ಯೋಚಿಸುತ್ತಿದ್ದರೆ ಮೊದಲೇ ಹೇಳಿ, ಗರ್ಭದಲ್ಲಿರುವ ಮಗುವಿಗೆ ಇದು ಅಪಾಯ, ಬೇರೆ ಔಷಧಿ ಇವೆ. ಜ್ವರ, ಬಾಯಿ ಹುಣ್ಣು, ಒಣ ಕೆಮ್ಮು, ಏದುಸಿರು ಬಂದರೆ ಮುಂದಿನ ಡೋಸ್‌ಗೆ ಮುಂಚೆ ಫೋನ್ ಮಾಡಿ. ಹಲ್ಲಿನ ಡಾಕ್ಟರ್, ಓಣಿಯ ಡಾಕ್ಟರ್, ಯಾರು ಆಂಟಿಬಯೋಟಿಕ್ ಬರೆದರೂ 'ನಾನು ಮೆಥೊಟ್ರೆಕ್ಸೇಟ್ ಮೇಲಿದ್ದೇನೆ' ಅನ್ನಿ, ಕೋಟ್ರೈಮಾಕ್ಸಜೋಲ್ ಥರದ್ದು ಇದರ ಜೊತೆ ಸೇರಿದರೆ ರಕ್ತಕಣಗಳು ಅಪಾಯಕಾರಿಯಾಗಿ ಇಳಿಯಬಹುದು.

ಹೈಡ್ರಾಕ್ಸಿಕ್ಲೊರೊಕ್ವಿನ್ ಕೊಟ್ಟಿದ್ದರೆ ಕಣ್ಣಿನ ಪರೀಕ್ಷೆ ಮರೆಯಬೇಡಿ. ಇವು ಸಾಲದಿದ್ದರೆ ಬಯಾಲಜಿಕಲ್ ಅನ್ನುವ ಇಂಜೆಕ್ಷನ್‌ಗಳಿವೆ. ದುಬಾರಿ, ಮತ್ತೆ ಮೊದಲು ಟಿಬಿ ಇಲ್ಲ ಅಂತ ಪರೀಕ್ಷೆ ಮಾಡಿಸಲೇಬೇಕು. ಸ್ಟಿರಾಯ್ಡ್ ಮಾತ್ರೆ ಶುರುವಿನಲ್ಲಿ ಕೊಡಬಹುದು, ಎರಡೇ ದಿನದಲ್ಲಿ ಪವಾಡ ಆದ ಹಾಗೆ ಅನಿಸುತ್ತದೆ. ಅದನ್ನು ನೀವಾಗೇ ಮುಂದುವರಿಸಬೇಡಿ, ವಾರಗಟ್ಟಲೆ ತೆಗೆದುಕೊಂಡಿದ್ದರೆ ನೀವಾಗೇ ದಿಢೀರಂತ ನಿಲ್ಲಿಸಲೂಬೇಡಿ.

ಈ ಪವಾಡದ ವ್ಯಾಪಾರ ಮಾಡುವವರೂ ಇದ್ದಾರೆ. ನಮ್ಮ ಬೀದಿಯ ಆಂಟಿಯೊಬ್ಬರು ಯಾವುದೋ ಊರಿನಿಂದ ಹೆಸರಿಲ್ಲದ ಪುಡಿ ತರಿಸುತ್ತಿದ್ದರು, ಎರಡು ದಿನಕ್ಕೆ ನೋವು ಮಾಯ. ಆರು ತಿಂಗಳಿಗೆ ಮುಖ ದುಂಡಗೆ ಊದಿತು, ಸಕ್ಕರೆ ಏರಿತು. ಒಳಗೆ ಸ್ಟಿರಾಯ್ಡ್ ಬೆರೆಸಿದ ಪುಡಿಗಳು ಇಂಥ ಲಕ್ಷಣವನ್ನೇ ತೋರಿಸುತ್ತವೆ. ಆಯುರ್ವೇದ ಮಾಡಿಸುವುದಾದರೆ ಓದಿದ ವೈದ್ಯರ ಹತ್ತಿರ, ಹೆಸರಿರುವ ಔಷಧಿ, ಎರಡೂ ಕಡೆ ಡಾಕ್ಟರಿಗೆ ಗೊತ್ತಿರುವ ಹಾಗೆ ಮಾಡಿಸಿ.

ಗೌಟ್‌ಗೆ: ಬೇಳೆ ಬಿಡಬೇಡಿ

ಚಿಕ್ಕಪ್ಪ ಮೊದಲು ಬಿಟ್ಟಿದ್ದು ತೊಗರಿಬೇಳೆ, ಪಾಲಕ್, ಟೊಮೆಟೊ. ಬಿಡದೇ ಇದ್ದಿದ್ದು ಶನಿವಾರದ ಬಿಯರ್ ಮತ್ತು ಮಟನ್ ಲಿವರ್ ಫ್ರೈ. ಲೆಕ್ಕ ತಲೆಕೆಳಗು. ಗೌಟ್ ಕೆರಳಿಸೋದು ಮದ್ಯ, ಅದರಲ್ಲೂ ಬಿಯರ್, ಲಿವರ್ ಬೋಟಿಯಂಥವು, ಕೆಂಪು ಮಾಂಸ, ಕೆಲವು ಮೀನು, ಸಕ್ಕರೆ ಪಾನೀಯ. ಬೇಳೆ ಸೊಪ್ಪಿನಿಂದ ಗೌಟ್ ಜಾಸ್ತಿಯಾಗುತ್ತದೆ ಅನ್ನೋದಕ್ಕೆ ಆಧಾರ ಇಲ್ಲ. ನೀರು ಚೆನ್ನಾಗಿ ಕುಡಿಯಿರಿ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ಅದೂ ಯೂರಿಕ್ ಆಸಿಡ್ ಏರಿಸಬಹುದು, ಕೇಳಿ ನೋಡಿ.

ಪಥ್ಯದಿಂದ ಇಳಿಯೋದು ಸ್ವಲ್ಪವೇ. ಪದೇ ಪದೇ ಬರುತ್ತಿದ್ದರೆ ಅಲೋಪ್ಯುರಿನಾಲ್ ಥರದ ಮಾತ್ರೆ ಸಣ್ಣ ಪ್ರಮಾಣದಿಂದ ಶುರುಮಾಡಿ, ಯೂರಿಕ್ ಆಸಿಡ್ 6ಕ್ಕಿಂತ ಕೆಳಗೆ ಬರುವ ತನಕ ಏರಿಸುತ್ತಾರೆ. ಮೊದಲ ಕೆಲವು ತಿಂಗಳು ಹಳೇ ಹರಳು ಕರಗುವಾಗ ನೋವು ಇನ್ನೂ ಬರಬಹುದು, ಅದಕ್ಕೇ ಜೊತೆಗೆ ಬೇರೆ ಮಾತ್ರೆ ಕೊಡುತ್ತಾರೆ. ನೋವು ಬಂದ ದಿನ ಅಲೋಪ್ಯುರಿನಾಲ್ ನಿಲ್ಲಿಸಬೇಡಿ. ನೋವು ಹೋಯಿತು ಅಂತಲೂ ನಿಲ್ಲಿಸಬೇಡಿ, ಚಿಕ್ಕಪ್ಪ ಎರಡೂ ಸಲ ಹಾಗೇ ಮಾಡಿದರು. ಮೈಮೇಲೆ ಗಂಧೆ ಎದ್ದರೆ ಮಾತ್ರ ತಕ್ಷಣ ನಿಲ್ಲಿಸಿ ಡಾಕ್ಟರ್ ಹತ್ತಿರ ಓಡಿ.

ಆ ಫ್ರಿಜ್ ಮೇಲಿನ ಡಬ್ಬಿ

ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸಿಕ್ಲೊಫೆನಾಕ್, ಇವೆಲ್ಲ ಒಂದೇ ಬಳಗ. ಬೇರೆ ಬೇರೆ ಕಂಪನಿ ಹೆಸರಿನಲ್ಲಿ ಎರಡು ತಂದು ಎರಡೂ ನುಂಗುವವರಿದ್ದಾರೆ. ದಿನಾ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಕಿಡ್ನಿಗೆ ಪೆಟ್ಟು, ಬಿಪಿ ಏರುವುದು, ಹೃದಯಕ್ಕೂ ತೊಂದರೆ. ಬಿಪಿ, ಶುಗರ್, ಕಿಡ್ನಿ ತೊಂದರೆ ಇರುವವರು, ಅರವತ್ತು ದಾಟಿದವರು ಕೇಳದೆ ಮುಟ್ಟಲೇಬಾರದು. ಕಪ್ಪು ಮಲ ಹೋದರೆ ಅದು ರಕ್ತ ಇರಬಹುದು, ಕಬ್ಬಿಣದ ಮಾತ್ರೆ ತಿನ್ನುತ್ತಿಲ್ಲ ಅಂದರೆ ತಡಮಾಡಬೇಡಿ. ನಮ್ಮನೆ ಡಬ್ಬಿ ಮೇಲೆ ಈಗ ಹೆಸರು ಬರೆದಿದ್ದೇವೆ, ಯಾರದ್ದು ಯಾರಿಗೆ ಅಂತ.

ಮನೆ, ಅಡುಗೆ, ಬಸ್ಸು

ಇಂಡಿಯನ್ ಟಾಯ್ಲೆಟ್ ಇದ್ದರೆ ಮೊದಲು ಕಮೋಡ್ ಮಾಡಿಸಿ, ಪಕ್ಕದ ಗೋಡೆಗೆ ಹಿಡಿ ಹಾಕಿಸಿ. ಬಾಡಿಗೆ ಮನೆಯಾದರೆ ಕಮೋಡ್ ಸ್ಟೂಲ್ ಸಿಗುತ್ತದೆ. ಈಳಿಗೆಮಣೆ ಮುಂದೆ ನೆಲಕ್ಕೆ ಕೂರೋದು ಬಿಟ್ಟು ಮೇಜಿನ ಮೇಲೆ ತರಕಾರಿ ಹೆಚ್ಚಿ. ಕೈ ಬೆರಳಿನ ನೋವಿದ್ದರೆ ಬಟ್ಟೆ ಹಿಂಡಬೇಡಿ, ಚೀಲವನ್ನು ಬೆರಳಿಗೆ ಸಿಕ್ಕಿಸದೆ ಮೊಣಕೈಗೆ ಹಾಕಿಕೊಳ್ಳಿ, ಸೌಟಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ. ಬೆಳಗ್ಗೆ ಬೆಚ್ಚನೆ ನೀರಿನಲ್ಲಿ ಹತ್ತು ನಿಮಿಷ ಕೈ ಅದ್ದಿಟ್ಟರೆ ಬಿಗಿತ ಬೇಗ ಬಿಡುತ್ತದೆ. ಬಿಗಿತಕ್ಕೆ ಶಾಖ, ಊದಿ ಬಿಸಿಯಾದ ಕೀಲಿಗೆ ಬಟ್ಟೆಯಲ್ಲಿ ಸುತ್ತಿದ ಐಸ್.

ತಿನ್ನೋದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಆಲೂಗಡ್ಡೆ, ಬದನೆಕಾಯಿ, ಹುಳಿ ತಿಂದರೆ ಕೀಲು ಹಿಡಿಯುತ್ತದೆ ಅನ್ನೋದಕ್ಕೆ ಪುರಾವೆ ಇಲ್ಲ. ಅವರೆಕಾಯಿ ಕಾಲದಲ್ಲಿ ಹೊಟ್ಟೆ ಉಬ್ಬಿದರೆ ಅದು ಬೇರೆ ವಿಷಯ. ರಾಗಿ ಎಲುಬಿಗೆ ಒಳ್ಳೆಯದು, ಸವೆದ ಪದರವನ್ನು ಮತ್ತೆ ಬೆಳೆಸುವುದಿಲ್ಲ. ಡಿಸೆಂಬರ್ ಚಳಿಗೆ ನೋವು ಜಾಸ್ತಿ ಅನಿಸುತ್ತದೆ, ಸ್ವೆಟರ್ ಹಾಕಿ, ಕಾಲುಚೀಲ ಹಾಕಿ, ಆದರೆ ಚಳಿಯಿಂದ ಕಾಯಿಲೆ ಬರುವುದಿಲ್ಲ.

ಓಡಾಟಕ್ಕೆ ಮೆಟ್ರೊ ಒಳ್ಳೆಯದು, ಲಿಫ್ಟ್ ಇದೆ. ವಜ್ರ ಅನ್ನೋ ಎಸಿ ಬಸ್ಸಿನ ನೆಲ ತಗ್ಗು, ಹತ್ತಲು ಸುಲಭ, ಆದರೆ ಹೆಂಗಸರಿಗೆ ಉಚಿತ ಇರೋದು ಮೆಟ್ಟಿಲು ಎತ್ತರದ ಮಾಮೂಲಿ ಬಸ್ಸಿನಲ್ಲಿ. ಅಮ್ಮ ಪ್ರತಿ ಸಲ ಮಂಡಿಗೂ ದುಡ್ಡಿಗೂ ಪಂಚಾಯ್ತಿ ಮಾಡಿ ಮಾಮೂಲಿ ಬಸ್ಸನ್ನೇ ಹತ್ತುತ್ತಾಳೆ.

ಕೊನೆಗೆ ಆಪರೇಷನ್

ಮಂಡಿ ಬದಲಾಯಿಸೋದು ಎಕ್ಸ್‌ರೇ ನೋಡಿ ತೀರ್ಮಾನ ಮಾಡುವ ವಿಷಯ ಅಲ್ಲ. ವ್ಯಾಯಾಮ, ತೂಕ, ಔಷಧಿ ಎಲ್ಲ ಮಾಡಿಯೂ ರಾತ್ರಿ ನಿದ್ದೆ ಇಲ್ಲ, ಮನೆಯೊಳಗೂ ನಡೆಯಲು ಆಗುತ್ತಿಲ್ಲ ಅಂದಾಗ ಯೋಚಿಸಿ. ಹಾಕಿದ ಮಂಡಿಗಳಲ್ಲಿ ಹತ್ತಕ್ಕೆ ಎಂಟು 25 ವರ್ಷ ಬಾಳುತ್ತವೆ. ಆಪರೇಷನ್ ನಂತರದ ಫಿಸಿಯೋಥೆರಪಿ ಮಾಡದಿದ್ದರೆ ದುಡ್ಡು ದಂಡ. ಬಿಲ್ಲಿನಲ್ಲಿ ಇಂಪ್ಲಾಂಟಿನ, ಅಂದರೆ ಒಳಗೆ ಕೂರಿಸುವ ಕೃತಕ ಕೀಲಿನ ಬೆಲೆ ಬೇರೆಯಾಗಿ ಬರೆಸಿ. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಇದಕ್ಕೆ ಬೆಲೆ ಮಿತಿ ಹಾಕಿತು, ಜಾಸ್ತಿ ಬಳಸುವ ಕೊಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ ನಿಗದಿಯಾಗಿದ್ದು ತೆರಿಗೆ ಬಿಟ್ಟು 54,720 ರೂಪಾಯಿ. ಈಗಿನ ಮಿತಿ ಎಷ್ಟು ಅಂತ ಆಸ್ಪತ್ರೆಯಲ್ಲೇ ಕೇಳಿ, ಪೆಟ್ಟಿಗೆ ಮೇಲಿನ ಸ್ಟಿಕ್ಕರ್ ತೆಗೆದಿಟ್ಟುಕೊಳ್ಳಿ.

ಅಮ್ಮ ಸರ್ಜನ್ ಹತ್ತಿರ ಕೇಳಿದ್ದು ಒಂದೇ ಪ್ರಶ್ನೆ, ಕುಕ್ಕರಗಾಲಲ್ಲಿ ಕೂತು ರಂಗೋಲಿ ಹಾಕಬಹುದಾ ಅಂತ. ಹಾಗೆ ಕೂರೋದು ಬೇಡ ಅಂದರು. 'ಹಾಗಾದರೆ ಸಂಕ್ರಾಂತಿ ಕಳೀಲಿ ಡಾಕ್ಟ್ರೇ' ಅಂದು ಎದ್ದು ಬಂದಳು, ಕುರ್ಚಿಗೆ ಕೈ ಊರದೆ.